ಮಂಗಳವಾರ, ಗುರುವಾರ, ಶನಿವಾರ

ಫೆಬ್ರುವರಿ 6ರ ಶುಕ್ರವಾರ ರಾತ್ರಿ ಮುಂಬೈ ಬಿಡುವುದು, 12ರ ಗುರುವಾರ ಬೆಳಿಗ್ಗೆ ಅಲ್ಲಿಂದ ಹೊರಡುವುದು. ನಡುವೆ ಫಿಲಿಪೈನ್ಸ್‌ನ ಸೆಬು ನಗರದಲ್ಲಿ ನನಗೂ ನನ್ನ ಹೆಂಡತಿಗೂ ಐದು ರಾತ್ರಿ, ನಾಲ್ಕು ಪೂರ್ತಿ ಹಗಲು. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಮಗ ಸೊಸೆ ಇಬ್ಬರಿಗೂ ಆಫೀಸು, ಮೊಮ್ಮಗಳಿಗೆ ಶಾಲೆ. ಮೀರಾ ರೋಡಿನ ನಮ್ಮ ಮನೆ ನಾವಿಬ್ಬರೂ ಇಲ್ಲದೆ ಒಂದು ವಾರ ನಡೆದೀತು, ಎರಡನೆಯ ವಾರ ನಡೆಯದು.

ಸೆಬುವಿಗೆ ಹೋಗುತ್ತೇವೆ ಎಂದರೆ ಜನ ಮೊದಲು ಕೇಳುವುದು, "ಏನೇನು ನೋಡ್ತೀರಿ?" ನಮ್ಮ ಯೋಜನೆ ಶುರುವಾದದ್ದು ಆ ಪ್ರಶ್ನೆಯಿಂದಲ್ಲ. ಒಂದು ಬಿಳಿ ಹಾಳೆಯ ಮೇಲೆ ಏಳು ವಾರಗಳ ಹೆಸರು ಬರೆದು, ಮಂಗಳವಾರ, ಗುರುವಾರ, ಶನಿವಾರದ ಸುತ್ತ ಕೆಂಪು ಗೆರೆ ಎಳೆದೆ. ವಾರದಲ್ಲಿ ಆ ಮೂರು ದಿನ ನನ್ನ ಗೆಳೆಯನಿಗೆ ಡಯಾಲಿಸಿಸ್.

ಅವನು ನಮ್ಮ ಹಡಗಿನ ಬೋಸನ್. ಡೆಕ್ಕಿನ ಮೇಲಿನ ಖಲಾಸಿಗಳ ಮುಖ್ಯಸ್ಥನಿಗೆ ಆ ಹೆಸರು. ನಾನು ಕೆಳಗೆ ಎಂಜಿನ್ ರೂಮಿನಲ್ಲಿ ಮೋಟರ್‌ಮ್ಯಾನ್. ಜಗತ್ತಿನ ಹಡಗುಗಳಿಗೆ ಜನ ಕೊಡುವ ದೇಶಗಳಲ್ಲಿ ಫಿಲಿಪೈನ್ಸ್ ಮುಂಚೂಣಿಯಲ್ಲಿದೆ, ಭಾರತವೂ ಬಹಳ ಹಿಂದಿಲ್ಲ. ಹಾಗಾಗಿ ಮಲ್ಪೆ ಕಡೆಯ ನಾನು ಸೆಬು ಕಡೆಯ ಅವನೊಡನೆ ಮೂರು ಕಾಂಟ್ರಾಕ್ಟ್ ಒಟ್ಟಿಗೆ ದುಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವನು ನನ್ನನ್ನು "ಬಾಯ್" ಎಂದು ಕರೆಯುತ್ತಿದ್ದ. ಸೆಬುವಿನ ಮಾತಿನಲ್ಲಿ ಹಾಗೆಂದರೆ ಗೆಳೆಯ. ಮುಂಬೈ ನೀರು ಕುಡಿದ ನನ್ನ ಕಿವಿಗೆ ಅದು "ಭಾಯ್" ಎಂದೇ ಕೇಳಿಸುತ್ತಿತ್ತು. ಎರಡರಲ್ಲಿ ಯಾವುದಾದರೂ ನಷ್ಟವಿರಲಿಲ್ಲ.

2004ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ನಾವು ವ್ಯಾಂಕೂವರಿನಿಂದ ಗೋಧಿ ತುಂಬಿಕೊಂಡು ಶಾಂತ ಸಾಗರದ ನಡುವೆ ಇದ್ದೆವು. ನೆಲ ಸಿಗಲು ಇನ್ನೂ ಎಷ್ಟೋ ದಿನ. ಕಪ್ತಾನರು ಕರೆದು ವಿಷಯ ಹೇಳಿದರು, ಎರಡು ಮಾತು ಸಮಾಧಾನ ಹೇಳಿದರು. ನಾನು ಮತ್ತೆ ವಾಚ್‌ಗೆ ಇಳಿದೆ. ಬೇರೇನು ಮಾಡುವುದಿತ್ತು? ಊರಲ್ಲಿ ಬೊಜ್ಜದ ದಿನ ಗೊತ್ತಾದಾಗ ಬೋಸನ್‌ಗೆ ಹೇಳಿದೆ, ನನ್ನ ತಲೆ ಬೋಳಿಸಬೇಕು ಎಂದು. ಯಾಕೆ ಎಂದು ಅವನು ಕೇಳಲಿಲ್ಲ. ಹಡಗಿನ ಹಿಂಭಾಗದ ಡೆಕ್ಕಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ಕೂರಿಸಿದ. ಅರ್ಧ ಗಂಟೆ ಒಂದು ಗೀರೂ ಬೀಳದ ಹಾಗೆ ಬೋಳಿಸಿದ. ಹಡಗು ಓಲಾಡಿದಾಗಲೆಲ್ಲ ಕತ್ತಿ ಎತ್ತಿ, ಇನ್ನೊಂದು ಕೈಯಿಂದ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದ. ಆಮೇಲೆ ತನ್ನ ಶರ್ಟಿನಿಂದಲೇ ತಲೆ ಒರೆಸಿ, "ನಿಕಾಓನ್ ನಾ ಕಾ, ಬಾಯ್?" ಎಂದ. ಊಟ ಆಯ್ತಾ? ನಮ್ಮೂರಲ್ಲೂ ಸಾವಿನ ಮನೆಗೆ ಬಂದವರು ಕಡೆಗೆ ಕೇಳುವುದು ಅದನ್ನೇ.

ಅವನಿಗೆ ರಕ್ತದೊತ್ತಡದಿಂದ ಮೂತ್ರಪಿಂಡ ಹಾಳಾಗಿ ನಾಲ್ಕು ವರ್ಷವಾಯಿತು. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸಲ. ಅಲ್ಲಿನ ಸರಕಾರದ ಆರೋಗ್ಯ ವಿಮೆ ಅಷ್ಟೂ ಸಲದ ಖರ್ಚಿಗೆ ನೆರವು ಕೊಡುತ್ತದೆ, ಮೊದಲು 90 ಸಲಕ್ಕೆ ಮಾತ್ರ ಇತ್ತು. ಪ್ರತಿ ಭಾನುವಾರ ವಿಡಿಯೊದಲ್ಲಿ ಮಾತಾಡುತ್ತಿದ್ದೆವು. "ಯಾವಾಗ ಬರ್ತೀ?" ಎಂದು ಅವನು ಕೇಳಿದರೆ ನಾನು ಅವನದೇ ಮಾತಿನಲ್ಲಿ "ಪುಹೋನ್" ಎನ್ನುತ್ತಿದ್ದೆ. ದೇವರು ನಡೆಸಿದರೆ, ಮುಂದೊಂದು ದಿನ ಎಂದು ಅದರ ಅರ್ಥ. ಬಹಳ ಅನುಕೂಲದ ಪದ. ಇಲ್ಲ ಎಂದಂತೆಯೂ ಅಲ್ಲ, ತಾರೀಕು ಕೊಟ್ಟಂತೆಯೂ ಅಲ್ಲ.

ತಾರೀಕು ಕೊಡಬೇಕಾಗಿ ಬಂದದ್ದು ಕಳೆದ ನವೆಂಬರಿನಲ್ಲಿ. 2025ರ ಸೆಪ್ಟೆಂಬರ್ 30ರಂದು ಸೆಬು ದ್ವೀಪದ ಉತ್ತರದಲ್ಲಿ 6.9 ಪ್ರಮಾಣದ ಭೂಕಂಪ ಆಗಿತ್ತು. ಅದು ಮಂಗಳವಾರ ರಾತ್ರಿ. ಬೋಸನ್ ಬೆಳಿಗ್ಗೆಯೇ ಡಯಾಲಿಸಿಸ್ ಮುಗಿಸಿ ಮನೆಯಲ್ಲಿ ಮಲಗಿದ್ದ, ಮನೆಗೆ ಏನೂ ಆಗಲಿಲ್ಲ. ಐದು ವಾರದ ಮೇಲೆ, ನವೆಂಬರ್ 4ರಂದು, ಅವರು ಟೀನೊ ಎಂದು ಕರೆದ ಚಂಡಮಾರುತ ಬಂತು. ಅದೂ ಮಂಗಳವಾರವೇ. ಈ ಸಲ ಗಾಳಿಗಿಂತ ನೀರು ಕೊಂದದ್ದು ಹೆಚ್ಚು. ನದಿಗಳು ಉಕ್ಕಿ ಸೆಬು ಪ್ರಾಂತ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಬೋಸನ್ನನ ಮನೆ ನಗರಕ್ಕೆ ದಕ್ಷಿಣದಲ್ಲಿ ಅಂಟಿಕೊಂಡಿರುವ ತಾಲಿಸಾಯ್‌ನಲ್ಲಿ. ಅವರ ಓಣಿ ಎತ್ತರದಲ್ಲಿದ್ದರಿಂದ ನೀರು ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿತು. ರಸ್ತೆ ಮಾತ್ರ ಇರಲಿಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಶನಿವಾರದಿಂದ ಮಂಗಳವಾರದ ವರೆಗಿನದೇ ವಾರದ ದೊಡ್ಡ ಅಂತರ. ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಏರಿದರೆ ಹೃದಯಕ್ಕೇ ಕುತ್ತು. ಆ ವಾರ ಅವನು ಮಂಗಳವಾರ ಹೋಗಲಾಗದೆ ಬುಧವಾರ ಮಧ್ಯಾಹ್ನ ಮಗನ ಹೆಗಲ ಮೇಲೆ ಕೈ ಹಾಕಿಕೊಂಡು, ಕೆಸರು ದಾಟಿ, ಮಶೀನಿನ ಮುಂದೆ ಕುಳಿತ. ಗುರುವಾರ ಫೋನಿನಲ್ಲಿ ನಗುತ್ತಲೇ ಹೇಳಿದ. ನಾನು ಫೋನ್ ಇಟ್ಟ ಮೇಲೆ ಹೆಂಡತಿ ಒಂದೇ ಮಾತು ಅಂದಳು: "ಇನ್ನು ನೋಡುವುದು ಬೇಡ ಮಾರಾಯ್ರೆ, ಟಿಕೆಟ್ ಮಾಡಿ."

ಟಿಕೆಟ್ ಮಾಡುವ ಮುಂಚೆ ತಿಂಗಳು ಆರಿಸಬೇಕು. ಅಲ್ಲಿ ಚಂಡಮಾರುತ ಹೆಚ್ಚು ಬರುವುದು ಜೂನ್‌ನಿಂದ ಡಿಸೆಂಬರ್. 2021ರಲ್ಲಿ ಸೆಬುವಿನ ಚಾವಣಿಗಳನ್ನು ಕಿತ್ತೊಯ್ದ ಓಡೆಟ್ ಬಂದದ್ದು ಡಿಸೆಂಬರ್ 16ಕ್ಕೆ. ಜನವರಿಯ ಮೂರನೆಯ ಭಾನುವಾರ ಸಿನುಲೊಗ್ ಜಾತ್ರೆ, ಬಾಲಯೇಸುವಿನ ಹಬ್ಬ. ಆಗ ಊರಿಗೆ ಊರೇ ಬೀದಿಯಲ್ಲಿ ಕುಣಿಯುತ್ತದೆ, ಹೋಟೆಲ್ ಕೋಣೆ ಸಿಗುವುದಿಲ್ಲ, ದಾರಿಗಳು ಬಂದ್ ಆಗುತ್ತವೆ. ಏಪ್ರಿಲ್ ಆರಂಭದಲ್ಲಿ ಪವಿತ್ರ ವಾರ, ಆಗ ಅರ್ಧ ನಗರ ತವರಿಗೆ ಹೊರಟಿರುತ್ತದೆ. ಉಳಿದದ್ದು ಫೆಬ್ರುವರಿ, ಮಾರ್ಚ್. ಒಣ ಹವೆ, ತಡೆದುಕೊಳ್ಳುವಷ್ಟು ಸೆಕೆ. ಫೆಬ್ರುವರಿ ಎಂದೆವು.

ವೀಸಾದ ತಲೆನೋವು ಈಗ ಕಡಿಮೆ. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕಾಗಿ 14 ದಿನ ವೀಸಾ ಇಲ್ಲದೆ ಹೋಗಬಹುದು. ಆ ಅವಧಿಯನ್ನು ಅಲ್ಲಿ ಹೋಗಿ ಮುಂದುವರಿಸಲಾಗದು, ನಮಗೆ ಬೇಕಾಗಿಯೂ ಇಲ್ಲ. ಆರು ತಿಂಗಳಾದರೂ ಬಾಕಿ ಇರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಉಳಿಯುವ ಜಾಗದ ದಾಖಲೆ, ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ ಕೈಯಲ್ಲಿರಬೇಕು. ಹೊರಡುವ ಮುನ್ನ ಇ-ಟ್ರಾವೆಲ್ ಎಂಬ ಸರಕಾರಿ ತಾಣದಲ್ಲಿ ವಿವರ ತುಂಬಬೇಕು, ತಲಪುವ ಹೊತ್ತಿಗೆ 72 ಗಂಟೆಯ ಒಳಗೆ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ನಕಲಿ.

ದಾರಿ ಎರಡು. ಮನಿಲಾದಲ್ಲಿ ಇಳಿದು ದೇಶದೊಳಗಿನ ವಿಮಾನ ಹಿಡಿಯುವುದು ಒಂದು. ಅಲ್ಲಿ ಟರ್ಮಿನಲ್‌ಗಳು ಒಂದಕ್ಕೊಂದು ದೂರ, ಪೆಟ್ಟಿಗೆ ಎತ್ತಿಕೊಂಡು ರಸ್ತೆಯಲ್ಲಿ ಸುತ್ತಿ ಹೋಗಬೇಕಾಗಬಹುದು. ಸಿಂಗಾಪುರದ ಮೂಲಕ ನೇರ ಸೆಬುವಿಗೇ ಇಳಿಯುವುದು ಇನ್ನೊಂದು. ಮೊಣಕಾಲು ನೋವಿನ ಇಬ್ಬರು ಯಾವುದನ್ನು ಆರಿಸುತ್ತಾರೆ ಎಂದು ಹೇಳಬೇಕಿಲ್ಲ. ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಮಧ್ಯಾಹ್ನ ಅಲ್ಲಿ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿದರಾಯಿತು.

ಶನಿವಾರವೇ ಅವನ ಮನೆಗೆ ಹೋಗುವುದಿಲ್ಲ. ಅಂದು ಅವನು ಮಶೀನಿನಿಂದ ಎದ್ದು ಸುಸ್ತಾಗಿ ಬಂದಿರುತ್ತಾನೆ. ನಾವೂ ವಿಮಾನದಲ್ಲಿ ನೂರಾರು ಜನರ ನಡುವೆ ಕುಳಿತು ಬಂದವರು. ಇಂಥ ರೋಗಿಗೆ ನಮ್ಮ ನೆಗಡಿಯೂ ದೊಡ್ಡ ಕಾಯಿಲೆ. ಅದಕ್ಕೇ ಇಬ್ಬರೂ ಜನವರಿಯಲ್ಲೇ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡೆವು. ಗಂಟಲು ಕೆರೆದರೂ ಮಾಸ್ಕ್ ಹಾಕುವುದು, ಜ್ವರ ಬಂದರೆ ಬಾಗಿಲಲ್ಲೇ ನಿಂತು ಮಾತಾಡಿ ಬರುವುದು ಎಂದು ನಮ್ಮೊಳಗೆ ಒಪ್ಪಂದ. ಅವರ ಮನೆಯಲ್ಲೇ ಉಳಿಯಬೇಕೆಂದು ಅವನ ಹೆಂಡತಿಯ ಹಟ. ನನ್ನ ಹೆಂಡತಿ ನಯವಾಗಿ ಬೇಡ ಎಂದಳು. ಮನೆಗೆ ನಂಟರು ಬಂದರೆ ರೋಗಿ ಮಲಗುವುದಿಲ್ಲ, ರೋಗಿಯ ಹೆಂಡತಿ ಕೂರುವುದಿಲ್ಲ. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ತಾಲಿಸಾಯ್ ರಸ್ತೆಯಲ್ಲೇ ಒಂದು ಸಣ್ಣ ಹೋಟೆಲ್ ಹಿಡಿದಿದ್ದೇವೆ.

ಇಷ್ಟರಲ್ಲಿ ಮಗ ಒಂದು ಪಟ್ಟಿ ಕಳಿಸಿದ. ಓಸ್ಲೊಬ್‌ನಲ್ಲಿ ತಿಮಿಂಗಿಲ ಶಾರ್ಕ್, ಮೋಅಲ್ಬೋಅಲ್‌ನಲ್ಲಿ ಲಕ್ಷಾಂತರ ಬೂತಾಯಿ ಮೀನಿನ ಹಿಂಡು, ಕವಾಸಾನ್ ಜಲಪಾತ, ಹಡಗಿನಲ್ಲಿ ಎರಡು ಗಂಟೆ ದೂರದ ಬೊಹೋಲ್ ದ್ವೀಪದ ಚಾಕೊಲೇಟ್ ಬೆಟ್ಟಗಳು. "ಪಪ್ಪ, ಅಷ್ಟು ದೂರ ಹೋಗಿ ಶಾರ್ಕ್ ನೋಡದೆ ಬರ್ತೀರಾ?" ಅವನ ಪ್ರಶ್ನೆ ತಪ್ಪಲ್ಲ. ಮತ್ತೆ ಹೋಗುತ್ತೇವೋ ಇಲ್ಲವೋ. ಆದರೆ ಹಾಳೆಯ ಮೇಲೆ ಇಟ್ಟು ನೋಡಿದೆ. ಓಸ್ಲೊಬ್ ದಕ್ಷಿಣದ ತುದಿಯ ಹತ್ತಿರ, ಹೋಗಲು ಮೂರು ನಾಲ್ಕು ಗಂಟೆ, ಬರಲು ಅಷ್ಟೇ. ಅಲ್ಲಿ ಆ ಮೀನುಗಳಿಗೆ ಸಿಗಡಿ ಹಾಕಿ ಹಾಕಿ ದಡದ ಹತ್ತಿರ ನಿಲ್ಲಿಸಿಕೊಳ್ಳುತ್ತಾರೆ, ಅದು ಸರಿಯೇ ಎಂಬ ತಕರಾರೂ ಇದೆ. ಶಾರ್ಕ್ ಹೊಡೆದುಹಾಕಿದೆ. ಬೊಹೋಲ್‌ಗೆ ಒಂದು ದಿನ ಪೂರ್ತಿ. ಅದೂ ಹೋಯಿತು. ನಲವತ್ತು ವರ್ಷ ಸಮುದ್ರ ನೋಡಿದವನಿಗೆ ಇನ್ನೊಂದು ಬೀಚು ಬೇಕಾಗಿಲ್ಲ, ಅದಕ್ಕೂ ಗೆರೆ. ಒಂದೊಂದನ್ನು ಹೊಡೆದಾಗಲೂ ಹಾಳೆಯಲ್ಲಿ ಒಂದೊಂದು ಬೆಳಿಗ್ಗೆ, ಒಂದೊಂದು ಸಂಜೆ ಬಿಡುವಾಗುತ್ತಾ ಬಂತು.

ಭಾನುವಾರ ಅವನ ಜೊತೆ. ಹಿಂದಿನ ದಿನವೇ ಡಯಾಲಿಸಿಸ್ ಆಗಿರುವುದರಿಂದ ಅಂದು ಅವನಿಗೆ ಮೈ ಹಗುರ. ಪೂಜೆಗೆ ಇಗರ್ಜಿಗೆ ಹೋಗುತ್ತಾನೆ, ನಾವೂ ಹೋಗುತ್ತೇವೆ. ಸೋಮವಾರ ದೊಡ್ಡ ಅಂತರದ ಕೊನೆಯ ದಿನ, ಅವನಿಗೆ ಮೈ ಭಾರ, ಉಸಿರು ಸಣ್ಣ. ಅಂದು ನಾವೇ ಊರು ನೋಡಿ ಬರಬೇಕೆಂದು ಅವನ ಅಪ್ಪಣೆ.

ಊರು ನೋಡುವುದರಲ್ಲಿ ಎರಡು ಇಟ್ಟುಕೊಂಡಿದ್ದೇನೆ. ಒಂದು, ಸಾಂತೊ ನಿನ್ಯೊ ಬೆಸಿಲಿಕಾ. ಮೆಗೆಲ್ಲನ್ 1521ರಲ್ಲಿ ಬಂದಾಗ ಇಲ್ಲಿನ ರಾಜ ಹುಮಾಬೋನನ ರಾಣಿಗೆ ಕೊಟ್ಟದ್ದೆಂದು ಹೇಳುವ ಬಾಲಯೇಸುವಿನ ಮೂರ್ತಿ ಅಲ್ಲಿದೆ. 'ರಾಜಾ' ಎಂಬ ಪದ ಸ್ಪೇನಿನವರಿಗಿಂತ ಬಹಳ ಮುಂಚೆ ಅಲ್ಲಿಗೆ ಹೋಗಿ ಕುಳಿತಿತ್ತು. ಗುರುವಿಗೆ ಅವರ ದೇಶದಲ್ಲಿ 'ಗುರೊ', ವನದೇವತೆಗೆ 'ದಿವಾತಾ'. ಆಮೇಲೆ ಸ್ಪೇನಿನಿಂದ ಅವರಿಗೆ 'ಲಮೇಸಾ', 'ಸಬೋನ್' ಬಂದರೆ, ಪೋರ್ಚುಗೀಸರ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಮೇಜು, ಸಾಬೂನು ಬಳಕೆಯಾದವು. ಹಡಗಿನ ಮೆಸ್ಸಿನಲ್ಲಿ ಇಂಥ ಪದ ಸಿಕ್ಕಾಗಲೆಲ್ಲ ಬೋಸನ್ ಮೇಜು ಕುಟ್ಟಿ ಸಂತೋಷಪಡುತ್ತಿದ್ದ.

ಎರಡನೆಯದು ಮಕ್ತಾನ್. ವಿಮಾನ ಇಳಿಯುವ ದ್ವೀಪವೇ ಅದು. 1521ರ ಏಪ್ರಿಲ್ 27ರಂದು ಅದರ ತೀರದಲ್ಲಿ ಲಾಪು-ಲಾಪುವಿನ ಜನ ಮೆಗೆಲ್ಲನ್ನನನ್ನು ಕೊಂದರು. ಆ ಕಾಳಗದ ವಿವರ ಓದಿದರೆ ಮಲ್ಪೆಯ ಯಾವ ಮೀನುಗಾರನೂ ತಲೆ ಆಡಿಸುತ್ತಾನೆ. ನೀರು ಇಳಿದಿತ್ತು, ತೀರದುದ್ದಕ್ಕೂ ಕಲ್ಲು, ದೋಣಿಗಳು ದಡಕ್ಕೆ ಬರಲಾಗಲಿಲ್ಲ, ಫಿರಂಗಿಯ ಗುಂಡು ಮುಟ್ಟಲಿಲ್ಲ. ಉಬ್ಬರ ಇಳಿತ ನೋಡದೆ ಇಳಿದವನ ಕಥೆ. ಅವನು ಸೆಬುವಿಗೆ ಕಾಲಿಟ್ಟದ್ದು ಏಪ್ರಿಲ್ 7ಕ್ಕೆ. ಅದೂ ಇಪ್ಪತ್ತೇ ದಿನದ ಭೇಟಿ.

ನನಗೆ ಅಲ್ಲಿ ನಿಂತು ನೋಡುವ ಕಾರಣ ಇನ್ನೊಂದಿದೆ. ಅದಕ್ಕೂ ಹದಿನಾರು ವರ್ಷ ಮುಂಚೆ, 1505ರಲ್ಲಿ, ಇದೇ ಮೆಗೆಲ್ಲನ್ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಯ್ಡನ ದಂಡಿನಲ್ಲಿ ಸಿಪಾಯಿಯಾಗಿ ನಮ್ಮ ಕಡೆಗೆ ಬಂದಿದ್ದ. ಆ ದಂಡು ಕಾರವಾರದ ಎದುರಿನ ಅಂಜದೀವದಲ್ಲಿ ಕೋಟೆ ಕಟ್ಟಿತು, ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಹಚ್ಚಿತು. ಅವನು ಸೆಬುವಿಗೆ ಬಂದಾಗ ಅಲ್ಲಿದ್ದ ಒಬ್ಬ ಮುಸಲ್ಮಾನ ವ್ಯಾಪಾರಿ ರಾಜನ ಕಿವಿಯಲ್ಲಿ, ಕಲ್ಲಿಕೋಟೆ, ಮಲಾಕ್ಕಾ ಗೆದ್ದವರು ಇವರೇ, ಜೋಪಾನ ಎಂದು ಹೇಳಿದನೆಂದು ಜೊತೆಗಿದ್ದ ಪಿಗಾಫೆಟ್ಟ ಬರೆದಿಟ್ಟಿದ್ದಾನೆ. ನಮ್ಮ ತೀರದ ಸುದ್ದಿ ಹಡಗಿನವರ ಬಾಯಿಂದ ಬಾಯಿಗೆ ಅಷ್ಟು ದೂರ ಹೋಗಿತ್ತು. ಹಡಗಿನವರ ಕೆಲಸವೇ ಅದು.

ಊಟದ ಬಗ್ಗೆ ಹೆಚ್ಚು ಯೋಚನೆಯಿಲ್ಲ. ಸೆಬುವಿನ ಹೆಮ್ಮೆ ಇಡಿಯಾಗಿ ಸುಟ್ಟ ಹಂದಿ, ಅದು ನಮಗೆ ಬೇಡ. ತೆಂಗಿನ ಗರಿಯನ್ನು ಹೆಣೆದು ಸಣ್ಣ ಚೀಲ ಮಾಡಿ, ಅದರೊಳಗೆ ಅಕ್ಕಿ ಹಾಕಿ ಬೇಯಿಸುವ 'ಪುಸೋ' ಬೀದಿಬೀದಿಯಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತದೆ. ಫೋಟೊ ನೋಡಿದ ಹೆಂಡತಿ, "ಇದು ನಮ್ಮ ಮೂಡೆಯ ದಾಯಾದಿ" ಎಂದಳು. ಮೀನಂತೂ ಇದ್ದೇ ಇದೆ. ನುಗ್ಗೆಸೊಪ್ಪಿನ ಸಾರು ಅವರಿಗೆ ದಿನನಿತ್ಯದ್ದು, 'ಕಮುಂಗ್ಗಾಯ್' ಎಂದು ಕೇಳಿದರೆ ಸಿಗುತ್ತದೆ. ಓಡಾಟಕ್ಕೆ ಜೀಪ್ನಿ. ಹಣವನ್ನು ಪಕ್ಕದವರ ಕೈಗೆ ಕೊಟ್ಟರೆ ಕೈಯಿಂದ ಕೈಗೆ ಡ್ರೈವರನ ವರೆಗೆ ಹೋಗಿ ಚಿಲ್ಲರೆ ಹಾಗೆಯೇ ವಾಪಸ್ ಬರುತ್ತದೆ. ಇಳಿಯಬೇಕಾದಲ್ಲಿ "ಲುಗಾರ್ ಲಾಂಗ್" ಎಂದು ಕೂಗಬೇಕು. ಮೊಮ್ಮಗಳು ಮನೆಯಲ್ಲಿ ಸೋಫಾದಿಂದ ಇಳಿಯುವಾಗಲೆಲ್ಲ ಈಗ ಅದನ್ನೇ ಕೂಗುತ್ತಾಳೆ.

ಕಷ್ಟವಾದದ್ದು ಉಡುಗೊರೆ. ದೂರದಿಂದ ಬಂದವರು ಬರಿಗೈಯಲ್ಲಿ ಬರಬಾರದು, ಅವರಲ್ಲಿ ಅದಕ್ಕೆ 'ಪಸಲುಬೋಂಗ್' ಎಂಬ ಹೆಸರೇ ಇದೆ. ಹಿಂದೆಲ್ಲ ಪ್ರತಿ ಕಾಂಟ್ರಾಕ್ಟಿನ ಕೊನೆಗೆ ಅವನ ಹೆಂಡತಿ ಕಳಿಸಿದ ಒಣ ಮಾವಿನಹಣ್ಣು ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಗೇರುಬೀಜ ಅವರ ಮನೆಗೆ ಹೋಗುತ್ತಿತ್ತು. ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆಯೇ ಹನ್ನೆರಡು ವರ್ಷ ಹೀಗೆ ನಂಟಸ್ತಿಕೆ ನಡೆಸಿದರು. ಈಗ ಗೇರುಬೀಜ ಅವನಿಗೆ ಆಗದು. ಬಾಳೆಕಾಯಿ ಚಿಪ್ಸ್ ಆಗದು, ಪೊಟ್ಯಾಸಿಯಂ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಆಗದು, ಉಪ್ಪು. ಬೆಲ್ಲ ಆಗದು. ಎಳನೀರನ್ನು ಅವನ ಊರಲ್ಲೇ ಅವನು ಕುಡಿಯುವಂತಿಲ್ಲ. ದಾರೆಹುಳಿ, ಅಂದರೆ ಕಮರಾಕ್ಷಿ, ಇಂಥವರಿಗೆ ವಿಷವೇ. ನೀರು ಕೂಡ ಅಳತೆಯದ್ದು. ನಮ್ಮ ಕರಾವಳಿಯ ಒಳ್ಳೆಯದೆಲ್ಲವೂ ಅವನ ಚೀಟಿಯ ಬೇಡದ ಕಡೆ ಇತ್ತು.

ಅಲ್ಲಿನ ಆಹಾರ ತಜ್ಞೆ ಕೊಟ್ಟ ಚೀಟಿಯನ್ನು ಅವನ ಮಗಳು ವಾಟ್ಸಾಪಿನಲ್ಲಿ ಕಳಿಸಿದಳು. ಹೆಂಡತಿ ಕನ್ನಡಕ ಹಾಕಿಕೊಂಡು ಎರಡು ದಿನ ಅದನ್ನೇ ಓದಿದಳು. ಮೂರನೆಯ ದಿನ ಹೇಳಿದಳು: "ಅಕ್ಕಿ ಆಗ್ತದೆ. ಬಿಳಿ ಅಕ್ಕಿ ಆಗ್ತದೆ, ಸಕ್ಕರೆ ಸ್ವಲ್ಪ ಆಗ್ತದೆ. ನೀರುದೋಸೆ ಮಾಡುವ, ಉಪ್ಪು ಬೇಡ, ಕಾಯಿ ಬೇಡ." ಮಗಳು ತಜ್ಞೆಯನ್ನು ಕೇಳಿ ಒಪ್ಪಿಗೆ ತಂದಳು, ಎಷ್ಟು ದೋಸೆ ಎಂಬ ಲೆಕ್ಕವನ್ನೂ ಸೇರಿಸಿ. ಅಕ್ಕಿ ಅಲ್ಲಿದೆ, ಮಿಕ್ಸಿ ಅಲ್ಲಿದೆ. ಇಲ್ಲದಿರುವುದು ಕಾವಲಿ. ನಾನ್‌ಸ್ಟಿಕ್ ತವಾ ಸೆಬುವಿನ ಅಂಗಡಿಯಲ್ಲೂ ಸಿಕ್ಕೀತು ಎಂದೆ. ಅವಳು ಉತ್ತರ ಕೊಡಲಿಲ್ಲ. ಅತ್ತೆ ಕಾಲದ ಬೀಡಿನ ಕಾವಲಿ ತೆಗೆದು ಎಣ್ಣೆ ಸವರಿದಳು. ಅದು ಬುಧವಾರದ ಬೆಳಿಗ್ಗೆಗೆ.

ಅದಕ್ಕೆ ಮುಂಚಿನ ಮಂಗಳವಾರ ಅವನ ಜೊತೆ ಆಸ್ಪತ್ರೆಗೆ ಹೋಗುತ್ತೇನೆ. ಬೆಳಿಗ್ಗೆ ಆರಕ್ಕೆ ಅವನ ಸರದಿ, ನಾಲ್ಕು ಗಂಟೆ. ಒಳಗೆ ಜೊತೆಗೆ ಕೂರಲು ಬಿಡುವುದಿಲ್ಲ, ಹೊರಗಿನ ಬೆಂಚಿನಲ್ಲಿ ಕಾಯಬೇಕು. ಅದೇ ಬೆಂಚಿನಲ್ಲಿ ಅವನ ಹೆಂಡತಿ ನಾಲ್ಕು ವರ್ಷದಿಂದ ಕಾಯುತ್ತಿದ್ದಾಳೆ. ಅಂದು ಅವಳಿಗೆ ರಜೆ ಕೊಟ್ಟು ನನ್ನ ಹೆಂಡತಿಯ ಜೊತೆ ಪೇಟೆಗೆ ಕಳಿಸುವುದೆಂದು ನಾವು ನಾಲ್ವರೂ ಫೋನಿನಲ್ಲೇ ತೀರ್ಮಾನಿಸಿದ್ದೇವೆ. ಪೂರ್ತಿ ಪ್ರವಾಸದಲ್ಲಿ ನನ್ನ ಕೈಯಿಂದ ಆಗುವ ಕೆಲಸವೆಂದರೆ ಆ ನಾಲ್ಕು ಗಂಟೆ. ಬೋಸನ್ನನ ಎಡಗೈಯಲ್ಲಿ ಸೂಜಿಗಾಗಿ ರಕ್ತನಾಳ ಜೋಡಿಸಿದ್ದಾರೆ. ಹಡಗು ಕಟ್ಟುವ ಹಗ್ಗವನ್ನು ಎಳೆದ ಕೈ ಅದು, ಈಗ ಅದರಲ್ಲಿ ಒಂದು ಚೀಲ ಕೂಡ ಹಿಡಿಯುವಂತಿಲ್ಲ. ಅವನು ಹೊರಗೆ ಬಂದಾಗ ಅವನ ಚೀಲ ನಾನು ಹಿಡಿಯುತ್ತೇನೆ.

ಬುಧವಾರ ದಿನವಿಡೀ ಅವರ ಮನೆ. ಗುರುವಾರ ಬೆಳಿಗ್ಗೆ ನಮ್ಮ ವಿಮಾನ. ಗುರುವಾರ ಅವನಿಗೂ ಮಶೀನು, ಆರು ಗಂಟೆಗೆ. ಹಾಗಾಗಿ ವಿಮಾನ ನಿಲ್ದಾಣಕ್ಕೆ ಅವನು ಬರುವುದಿಲ್ಲ. ನಾಲ್ಕಕ್ಕೆ ಏಳಬೇಕಾದವನು ಬುಧವಾರ ರಾತ್ರಿ ಎಂಟಕ್ಕಾದರೂ ಮಲಗಬೇಕು. ಅಂದರೆ ಏಳೂವರೆಗೆ ನಾವು ಎದ್ದು ಹೊರಡಬೇಕು. ಹಡಗಿನಲ್ಲಿ ಇದು ಸುಲಭವಿತ್ತು. ಸೈನ್ ಆಫ್ ಆದವನ ಚೀಲವನ್ನು ಗ್ಯಾಂಗ್‌ವೇ ಕೆಳಗೆ ಇಳಿಸಿ, ಭುಜಕ್ಕೊಂದು ಗುದ್ದು ಕೊಟ್ಟು, ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದರು. ಇಲ್ಲಿ ಗ್ಯಾಂಗ್‌ವೇ ಇಲ್ಲ, ಗುದ್ದುವ ಭುಜವೂ ಮೊದಲಿನದಲ್ಲ. ನನ್ನ ಹಾಳೆಯಲ್ಲಿ ಆ ಏಳೂವರೆಯ ಎದುರು ಮಾತ್ರ ಏನೂ ಬರೆದಿಲ್ಲ.

ನಿನ್ನೆ ಹೆಂಡತಿ ಕಾವಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೂಕ ಮಾಡಿದಳು. ಎರಡು ಕಿಲೋ ನೂರು ಗ್ರಾಂ. ಬರುವಾಗ ಒಣ ಮಾವಿನಹಣ್ಣಿಗೂ ಜಾಗ ಬೇಕು, ಇದನ್ನು ಮತ್ತೆ ಹೊತ್ತು ತರುವುದು ಹೇಗೆ ಎಂದು ಕೇಳಿದೆ.

"ತರುವುದು ಯಾಕೆ? ಅಲ್ಲೇ ಇರಲಿ," ಎಂದಳು. "ಮುಂದಿನ ಸಲ ಹೋದಾಗ ಬೇಕಲ್ಲ ಮಾರಾಯ್ರೆ."